ಬಾಯಿ ಇದ್ದವಳು

“ಈ ಮಾತು ನಿಮ್ಮದೇ ಅಲ್ಲವೇ, ಮಿಸೆಸ್ ಸಾಲ್ಟ್?”

ಆರೋಪಿಯ ವಕೀಲೆ ಮಿಸ್ ಫೆನ್ವಿಕ್ ಕಾಗದವನ್ನು ಎತ್ತಿ ಹಿಡಿದು, ಹನ್ನೆರಡು ಮಂದಿ ಜ್ಯೂರಿಗೂ ಕೇಳಿಸುವ ಹಾಗೆ, ಆದರೆ ಯಾರಿಗೂ ನೋಯದ ಹಾಗೆ ಓದಿದಳು. “‘ನಮ್ಮ ಕಾರ್ಲಾ ಯಾರಿಗೂ ಸೊಪ್ಪು ಹಾಕಿದವಳಲ್ಲ. ಅವಳ ಬಾಯಿಗೆ ಸಿಕ್ಕವನು ಮನೆಗೆ ಹೋಗಿ ಅಳಬೇಕು, ಅಂಥ ಬಾಯಿ ಅವಳದು.’ ಮಾರ್ಚ್ ತಿಂಗಳಲ್ಲಿ ಪೊಲೀಸರಿಗೆ ಹೀಗೆ ಹೇಳಿ ಸಹಿ ಹಾಕಿದ್ದೀರಿ.”

ಸಾಕ್ಷಿಕಟ್ಟೆಯಲ್ಲಿ ನಿಂತಿದ್ದ ಗ್ಲೆನಿಸ್ ಮರದ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಳು. ಹೇಳಿದ್ದು ನಿಜ. ಮಗಳು ಸತ್ತ ನಾಲ್ಕನೆಯ ದಿನ, ಅಡುಗೆಮನೆಯ ಮೇಜಿನ ಮುಂದೆ ಕೂತು, ಮಗಳು ಎಂಥವಳಾಗಿದ್ದಳು ಹೇಳಿ ಎಂದು ಕೇಳಿದ ಪೊಲೀಸಿನವನಿಗೆ ಎದೆಯುಬ್ಬಿಸಿಕೊಂಡು ಹೇಳಿದ್ದಳು. ಅವನು ಬರೆದುಕೊಂಡ. ಅವಳು ಕನ್ನಡಕ ಹಾಕಿಕೊಂಡು ಓದಿ, ‘ಸರಿಯಾಗಿದೆ’ ಎಂದು ಸಹಿ ಮಾಡಿದಳು.

ಪಿಂಗಾಣಿ ಕಾರ್ಖಾನೆಗಳ ಊರಾದ ಲಾಂಗ್‌ಟನ್‌ನ ಹೆಂಗಸೊಬ್ಬಳು ತನ್ನ ಮಗಳನ್ನು ಹೊಗಳಬೇಕೆಂದರೆ ಇನ್ನೇನು ಹೇಳುತ್ತಾಳೆ? ಗ್ಲೆನಿಸ್ ಇಪ್ಪತ್ತೊಂಬತ್ತು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಬಟ್ಟಲುಗಳಿಗೆ ಹೂವಿನ ಚಿತ್ರ ಅಂಟಿಸಿದವಳು. ಉದ್ದನೆಯ ಮೇಜು, ಆ ಕಡೆ ಹತ್ತು ಹೆಂಗಸರು, ಈ ಕಡೆ ಹತ್ತು ಹೆಂಗಸರು. ಕೈ ಬಟ್ಟಲಿನ ಮೇಲೆ, ಬಾಯಿ ಊರಿನ ಮೇಲೆ. ಅಲ್ಲಿ ಎದುರು ಮಾತಾಡಲು ಬಾರದ ಹುಡುಗಿ ಒಂದು ವಾರದಲ್ಲಿ ಕೆಲಸ ಬಿಟ್ಟು ಓಡುತ್ತಿದ್ದಳು. ಹದಿನಾರನೆಯ ವಯಸ್ಸಿಗೆ ಕಾರ್ಲಾ ಅದೇ ಮೇಜಿಗೆ ಬಂದ ದಿನ ಮೇಸ್ತ್ರಿ ಅವಳ ಮೈಕಟ್ಟನ್ನು ನೋಡಿ, “ಎರಡು ಸ್ಟೂಲ್ ಹಾಕ್ಲಾ?” ಎಂದು ನಕ್ಕ. ಕಾರ್ಲಾ ತಲೆಯೆತ್ತದೆ, “ನಿಮ್ಮ ಹೆಂಡತಿ ನಿಮ್ಮನ್ನ ಆರು ಗಂಟೆಗೇ ಮನೆಯಿಂದ ಓಡಿಸೋದು ಯಾಕೆ ಅಂತ ಈಗ ಗೊತ್ತಾಯ್ತು ಬಿಡಿ,” ಎಂದಳು. ಇಪ್ಪತ್ತು ಹೆಂಗಸರು ಮೇಜು ಗುದ್ದಿ ನಕ್ಕರು. ಆ ಸಂಜೆ ಗ್ಲೆನಿಸ್ ಗಂಡನಿಗೆ ಅದನ್ನು ಮೂರು ಸಲ ಹೇಳಿದ್ದಳು. ಬಾಯಿ ಇದ್ದವಳು ಬರಗಾಲದಲ್ಲೂ ಬದುಕುತ್ತಾಳೆ ಎಂದು ನಂಬಿಕೊಂಡಿದ್ದ ತಾಯಿ ಅವಳು.

“ನನ್ನದೇ ಮಾತು,” ಎಂದಳು ಗ್ಲೆನಿಸ್.

“ಧನ್ಯವಾದ. ಅಳಿಯನ ಮೇಲೂ ಆ ಬಾಯಿ ಹರಿಯುತ್ತಿತ್ತೇ?”

“ಹರೀತಿತ್ತು. ಅವನಿಗೆ ಬೇಕಾಗಿತ್ತು ಕೂಡ.”

“ನಿಮ್ಮ ಮೊಮ್ಮಗ ರೂಬೆನ್ ವಿಷಯ. ಒಂಬತ್ತು ವಾರದ ಮಗು, ತೊಟ್ಟಿಲಲ್ಲೇ ತೀರಿಹೋಯಿತು. ಯಾರ ತಪ್ಪೂ ಅಲ್ಲ ಎಂದು ವೈದ್ಯರು ಹೇಳಿದ್ದರು. ಇದನ್ನು ಕೇಳಬೇಕಾಗಿ ಬಂದದ್ದಕ್ಕೆ ಕ್ಷಮಿಸಿ.” ಮಿಸ್ ಫೆನ್ವಿಕ್‌ಳ ದನಿ ಇನ್ನಷ್ಟು ಮೆತ್ತಗಾಯಿತು. “ಆ ಸಾವಿಗೆ ನಿಮ್ಮ ಮಗಳು ಎಂದಾದರೂ ಗಂಡನನ್ನು ದೂರಿದ್ದಳೇ?”

ಗ್ಲೆನಿಸ್‌ಗೆ ಪ್ರಶ್ನೆ ಅರ್ಥವಾಗಲಿಲ್ಲ. ಸಾಕ್ಷಿ ಹೇಳುವವರೆಗೆ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಎರಡು ದಿನ ಹೊರಗಿನ ಕೋಣೆಯಲ್ಲಿ ಹಳೇ ಪತ್ರಿಕೆ ತಿರುವುತ್ತ ಕೂತಿದ್ದವಳಿಗೆ ಇಲ್ಲಿ ಏನು ನಡೆದಿದೆ ಎಂಬುದೇ ಗೊತ್ತಿರಲಿಲ್ಲ.

“ಸಾವು ನಡೆದ ಆ ಶನಿವಾರ ಅಡುಗೆಮನೆಯಲ್ಲಿ ಕಾರ್ಲಾ, ‘ಮಗು ಸತ್ತದ್ದು ನಿನ್ನಿಂದ, ಅಪ್ಪ ಅನ್ನಿಸಿಕೊಳ್ಳೋಕೆ ನೀನು ಲಾಯಕ್ಕಲ್ಲ’ ಅಂದಳು ಎಂಬುದು ನನ್ನ ಕಕ್ಷಿದಾರರ ಹೇಳಿಕೆ. ಅದಕ್ಕೇ ಕೇಳುತ್ತಿದ್ದೇನೆ.”

ಗ್ಲೆನಿಸ್ ಮೊದಲ ಸಲ ಆರೋಪಿಯ ಕಟ್ಟೆಯಲ್ಲಿ ಗಾಜಿನ ಹಿಂದೆ ಕೂತಿದ್ದ ಅಳಿಯನ ಕಡೆಗೆ ತಿರುಗಿದಳು. ಡೀನ್ ಟನ್ನಿಕ್ಲಿಫ್ ಬೂದು ಸೂಟು ಹಾಕಿದ್ದ. ಕೂದಲು ಚಿಕ್ಕದಾಗಿ ಕತ್ತರಿಸಿಕೊಂಡಿದ್ದ. ತಲೆ ತಗ್ಗಿಸಿ ತನ್ನ ಬೆರಳುಗಳನ್ನೇ ನೋಡುತ್ತಿದ್ದ, ಪಾಪದ ಪ್ರಾಣಿ. 

ಕಾರ್ಲಾಳ ಬಾಯಿಗೆ ಬಾರದ ಮಾತು ಈ ಲೋಕದಲ್ಲಿ ಒಂದೇ ಒಂದು ಇತ್ತು, ಅದು ಆ ಮಗುವಿನ ಹೆಸರು. ಅದು ಹೋಗಿ ಏಳು ವರ್ಷ. ಬಸ್ ಡ್ರೈವರನ್ನೂ ಬಿಡದೆ ಮಾತಾಡಿಸುವವಳು ಆ ಹೆಸರು ಬಂದರೆ ಎದ್ದು ಹೋಗುತ್ತಿದ್ದಳು. ಒಮ್ಮೆ ರೇಡಿಯೇಟರಿನ ಹಿಂದಿನಿಂದ ಹೆಬ್ಬೆರಳಿನಷ್ಟು ಉದ್ದದ ಕಾಲುಚೀಲ ಸಿಕ್ಕಾಗ ನೆಲದ ಮೇಲೆ ಕೂತುಬಿಟ್ಟಳು, ಗ್ಲೆನಿಸ್ ಟೀ ತಂದಿಟ್ಟಳು, ಅದು ಆರಿತು, ಕಾರ್ಲಾ ಮಾತೇ ಆಡಲಿಲ್ಲ.

“ಸುಳ್ಳು,” ಎಂದಳು ಗ್ಲೆನಿಸ್. “ಅವಳು ಆ ಮಗೂನ ಹೆಸರೇ ಎತ್ತುತ್ತಿರಲಿಲ್ಲ. ನನ್ನ ಹತ್ರಾನೂ.”

“ನೀವು ಆಗ ಅಲ್ಲಿ ಇರಲಿಲ್ಲ.”

“ಇರಲಿಲ್ಲ.”

“ಸಿಟ್ಟು ಬಂದರೆ ಎದುರಿನವರಿಗೆ ಎಲ್ಲಿ ನೋಯುತ್ತದೋ ಅಲ್ಲಿಗೇ ತಾಗುವಂತೆ ಮಾತಾಡಬಲ್ಲವಳು ಎಂಬುದನ್ನಂತೂ ನೀವು ಒಪ್ಪುತ್ತೀರಿ.”

ಬೆಣ್ಣೆಯಿಂದ ಕೂದಲು ತೆಗೆದಷ್ಟು ನಯ. ಇಲ್ಲ ಎಂದುಬಿಡಬಹುದಿತ್ತು. ನನ್ನ ಮಗಳು ಸಾಧು, ಪೊಲೀಸಿನವನು ತಪ್ಪು ಬರೆದುಕೊಂಡ ಎನ್ನಬಹುದಿತ್ತು. ಬಾಯಿಲ್ಲದ ಹಸು ಎಂದಿದ್ದರೆ ಆ ಹನ್ನೆರಡು ಮಂದಿಗೂ ಸಮಾಧಾನವಾಗುತ್ತಿತ್ತು. ಗ್ಲೆನಿಸ್‌ಗೆ ಆ ಯೋಚನೆ ಬಂದದ್ದು ನಿಜ, ಬಂದದ್ದಕ್ಕೆ ತನ್ನ ಮೇಲೇ ಅಸಹ್ಯವಾದದ್ದೂ ನಿಜ.

“ಒಪ್ತೀನಿ. ಅವಳಿಗೆ ಕಲಿಸಿದ್ದೇ ನಾನು,” ಎಂದಳು. “ಅಗೋ, ಅಲ್ಲಿ ಮೇಲೆ ಕೂತಿದಾನಲ್ಲ, ನೀಲಿ ಕೋಟು, ಅವನು ನನ್ನ ಗಂಡ. ನಲವತ್ತೊಂದು ವರ್ಷದಿಂದ ಅವನಿಗೆ ನಾನು ಹೇಳದೇ ಇರೋ ಮಾತಿಲ್ಲ. ನೆಂಟರ ಮುಂದೆ ಹೇಳಿದೀನಿ, ಬೀದೀಲಿ ಹೇಳಿದೀನಿ, ಅವನ ತಾಯಿ ಹೆಣದ ಮುಂದೆ ಹೇಳಿದೀನಿ. ನಾನಿನ್ನೂ ಬದುಕಿದೀನಿ ನೋಡಿ.”

ಎಲ್ಲರ ಕತ್ತೂ ಮೇಲೆ ಪ್ರೇಕ್ಷಕರ ಗ್ಯಾಲರಿಯ ಕಡೆಗೆ ತಿರುಗಿತು. ಕ್ಲೈವ್ ಸಾಲ್ಟ್ ಕಳ್ಳತನದಲ್ಲಿ ಸಿಕ್ಕಿಬಿದ್ದವನಂತೆ ಕೋಟಿನ ಗುಂಡಿ ಹಾಕಿಕೊಂಡ. ಜಡ್ಜ್ ಕನ್ನಡಕದ ಮೇಲಿಂದ ನೋಡಿ, “ಮಿಸೆಸ್ ಸಾಲ್ಟ್, ಕೇಳಿದ ಪ್ರಶ್ನೆಗೆ ಮಾತ್ರ ಉತ್ತರ ಕೊಡಿ,” ಎಂದರು. ಮಿಸ್ ಫೆನ್ವಿಕ್ ತನ್ನ ಪ್ರಶ್ನೆ ಮುಗಿಯಿತೆಂದು ಕೂತಳು. ಅವಳಿಗೆ ಬೇಕಾದದ್ದು ಸಿಕ್ಕಿತ್ತು.

ಹೊರಗಿನ ಕಾರಿಡಾರಿನಲ್ಲಿ ಹ್ಯಾನಾ ಬೆಡ್ನಲ್ ನೀರು ತಂದುಕೊಟ್ಟಳು. ಸತ್ತವರ ಮನೆಯವರನ್ನು ನೋಡಿಕೊಳ್ಳಲೆಂದೇ ಪೊಲೀಸ್ ಇಲಾಖೆ ನೇಮಿಸಿದ ಹುಡುಗಿ. ಎಂಟು ತಿಂಗಳಲ್ಲಿ ಮನೆಯವಳೇ ಆಗಿಹೋಗಿದ್ದಳು. ಸಾಕ್ಷಿ ಮುಗಿಯುವವರೆಗೆ ಏನೂ ಹೇಳುವಂತಿರಲಿಲ್ಲ, ಈಗ ಬಿಡಿಸಿ ಹೇಳಿದಳು.

“ಅವನು ಕೊಂದಿಲ್ಲ ಅಂತ ಯಾರೂ ಹೇಳ್ತಿಲ್ಲ, ಗ್ಲೆನಿಸ್. ಹತೋಟಿ ತಪ್ಪಿ ಕೊಂದೆ ಅಂತಾನೆ. ಆಡಿದ ಮಾತು ತುಂಬಾ ಘೋರವಾಗಿತ್ತು, ಅವನ ಜಾಗದಲ್ಲಿ ಬೇರೆ ಸಾಮಾನ್ಯ ಗಂಡಸಿದ್ದರೂ ಹೀಗೇ ಮಾಡ್ತಿದ್ದನೇನೋ ಅಂತಾದ್ರೆ, ಅದನ್ನ ಕಾನೂನು ಕೊಲೆ ಅನ್ನಲ್ಲ. ನರಹತ್ಯೆ ಅನ್ನುತ್ತೆ.”

“ವ್ಯತ್ಯಾಸ ಏನು? ಅವಳು ಅರ್ಧ ಸತ್ತಿರ್ತಾಳಾ?”

“ಕೊಲೆಯಾದ್ರೆ ಜೀವಾವಧಿ, ಬೇರೆ ಮಾತೇ ಇಲ್ಲ. ನರಹತ್ಯೆಯಾದ್ರೆ ಜಡ್ಜ್ ಎಷ್ಟು ವರ್ಷ ಅಂತಾರೋ ಅಷ್ಟು.”

“ಅವಳು ಹಾಗಂದಳು ಅಂತ ಅವನು ಸಾಬೀತು ಮಾಡಬೇಕಲ್ಲ?”

ಹ್ಯಾನಾ ಲೋಟದ ಕಡೆ ನೋಡಿದಳು. “ಇಲ್ಲ. ಹಾಗೆ ನಡೆದಿಲ್ಲ ಅಂತ ನಮ್ಮ ಕಡೆಯವರೇ ಸಾಬೀತು ಮಾಡಬೇಕು.”

“ಆ ಅಡುಗೆಮನೇಲಿ ಇದ್ದದ್ದು ಇಬ್ಬರು. ಒಬ್ಬಳನ್ನ ಇವನು ಮುಗಿಸಿದ. ಇನ್ನ ಇವನು ಹೇಳಿದ್ದೇ ವೇದವಾಕ್ಯ.” ಗ್ಲೆನಿಸ್ ಲೋಟವನ್ನು ಕುಕ್ಕಿದಳು. “ಅವಳ ಬಾಯಿ ಹೀಗೆ ಅಂತ ಬರೆದು ಸಹಿ ಹಾಕಿಕೊಟ್ಟವಳು ಹೆತ್ತ ತಾಯಿ. ಅವನಿಗೆ ವಕೀಲೆ ಬೇರೆ ಯಾಕೆ ಬೇಕಿತ್ತು, ನಾನೇ ಸಾಕಾಗಿತ್ತಲ್ಲ.”

“ಹಾಗೆಲ್ಲ ಅನ್ಕೋಬೇಡಿ. ಇನ್ನೊಂದು ಮಾತು. ಇನ್ನು ಮುಂದೆ ನೀವೂ ಮೇಲೆ ಕೂತು ನೋಡಬಹುದು. ಆದರೆ ಏನೇ ಕೇಳಿಸಿದ್ರೂ ಕೂಗಬಾರದು, ಅಳಬಾರದು, ಎದ್ದು ಹೋಗೋದಾದ್ರೂ ಸದ್ದಿಲ್ಲದೆ ಹೋಗಬೇಕು. ಜ್ಯೂರಿ ಮೇಲೆ ಪರಿಣಾಮ ಆಯ್ತು ಅಂದ್ರೆ ಜಡ್ಜ್ ಆ ಜ್ಯೂರೀನೇ ಮನೆಗೆ ಕಳಿಸಿ ಎಲ್ಲಾ ಮೊದಲಿಂದ ಶುರು ಮಾಡಬಹುದು.”

ಆಹಾ, ಎಂಥ ನ್ಯಾಯ. ಅಡುಗೆಮನೆಯ ಚಾಕು ಹಿಡಿದವನ ಹತೋಟಿ ತಪ್ಪಿದರೆ ಅವನಿಗೊಂದು ಕಾನೂನಿನ ಕಲಮು, ಅವನ ಪರವಾಗಿ ವಾದಿಸಲು ಬಿಳಿ ವಿಗ್ಗು ಹಾಕಿದ ವಕೀಲೆ. ಮಗಳನ್ನು ಕಳೆದುಕೊಂಡವಳ ಬಾಯಿಂದ ಒಂದು ನಿಟ್ಟುಸಿರು ಜೋರಾಗಿ ಬಂದರೂ ಕೇಸು ಕೆಟ್ಟುಹೋಗುತ್ತದೆ. ಗ್ಲೆನಿಸ್ ಇದನ್ನು ಅಂದೇಬಿಟ್ಟಳು. ಪಾಪ, ಹ್ಯಾನಾ ತಾನೇ ಏನು ಮಾಡಿಯಾಳು.

ಡೀನ್ ಸಾಕ್ಷಿ ಹೇಳಿದ್ದು ಸೋಮವಾರ. ಗ್ಲೆನಿಸ್ ಮೊದಲ ಸಾಲಿನಲ್ಲಿ ಕ್ಲೈವ್‌ನ ಪಕ್ಕ ಕೂತು, ಕೈಗವಸನ್ನು ಬಾಯಿಗೆ ಒತ್ತಿಕೊಂಡು ಕೇಳಿದಳು. ಡೀನ್ ಅತ್ತ. ಕಾರ್ಲಾ, ಇನ್ನೊಬ್ಬನಿದ್ದಾನೆ, ಬಿಟ್ಟುಹೋಗುತ್ತೇನೆ ಎಂದಳಂತೆ, ಅದನ್ನು ಇವನು ಸಹಿಸಿಕೊಂಡನಂತೆ. ಆಮೇಲೆ ಮಗುವಿನ ಮಾತು ತೆಗೆದಳಂತೆ. ಅಲ್ಲಿಂದ ಮುಂದೆ ಕಣ್ಣು ಕತ್ತಲೆ ಬಂದು ಏನೂ ನೆನಪಿಲ್ಲವಂತೆ. “ರೂಬೆನ್,” “ನಮ್ಮ ರೂಬೆನ್,” “ನನ್ನ ಕಂದ ರೂಬೆನ್” ಎಂದು ಹೆಸರನ್ನು ಮತ್ತೆ ಮತ್ತೆ ಹೇಳಿದ. ಗ್ಲೆನಿಸ್ ಮನಸ್ಸಿನಲ್ಲೇ ಎಣಿಸಿದಳು, ಒಂಬತ್ತು ಸಲ. ಕಾರ್ಲಾ ಏಳು ವರ್ಷದಲ್ಲಿ ಒಮ್ಮೆಯೂ ಉಚ್ಚರಿಸಲಾರದೆ ಹೋದ ಹೆಸರು.

ಸರ್ಕಾರದ ಕಡೆಯ ವಕೀಲ ಮಿಸ್ಟರ್ ರೆಡ್ಡಾಕ್‌ಗೆ ನೆಗಡಿಯಾಗಿತ್ತು. ಮೂಗು ಒರೆಸಿಕೊಂಡು ಎದ್ದ. ಇವನಿಂದೇನಾದೀತು ಎಂದುಕೊಂಡಳು ಗ್ಲೆನಿಸ್.

“ನಿಮ್ಮ ನಾಯಿ ಆ ಹೊತ್ತಿಗೆ ಎಲ್ಲಿತ್ತು, ಮಿಸ್ಟರ್ ಟನ್ನಿಕ್ಲಿಫ್?”

“ಹಿತ್ತಿಲಲ್ಲಿ.”

“ಅಲ್ಲಿಗೆ ಬಿಟ್ಟವರು ಯಾರು?”

“ನಾನೇ.”

“ಪಕ್ಕದ ಮನೆಯವರು ಬಟ್ಟೆ ಒಣಹಾಕುತ್ತಿದ್ದರು. ಒಳಗಿನಿಂದ ಜಗಳದ ಸದ್ದು ಕೇಳಿಸುತ್ತಿತ್ತು, ಆಮೇಲೆ ನಿಂತಿತು, ಆಮೇಲೆ ನೀವು ನಾಯಿಯನ್ನು ಹೊರಗೆ ಬಿಟ್ಟು ಬಾಗಿಲ ಚಿಲಕ ಹಾಕಿಕೊಂಡಿರಿ ಎಂದಿದ್ದಾರೆ. ಕಿರುಚಾಟ ಕೇಳಿಸಿದ್ದು ಅದರ ನಂತರ. ಸರಿಯೇ?”

“ಇರಬಹುದು.”

“ಅಂದರೆ ನಿಮ್ಮ ಹೆಂಡತಿ ಆ ಘೋರವಾದ ಮಾತು ಆಡಿದ ಮೇಲೆ ನೀವು ನಾಯಿಯ ಪಟ್ಟಿ ಹಿಡಿದು, ಹೊರಗೆ ಬಿಟ್ಟು, ಚಿಲಕ ಹಾಕಿ, ವಾಪಸು ಬಂದಿರಿ. ಯಾಕೆ?”

ಡೀನ್ ಕಣ್ಣೊರೆಸಿಕೊಂಡ. ಬಹಳ ಪ್ರಾಮಾಣಿಕವಾಗಿ ಹೇಳಿದ. “ಅದಕ್ಕೆ ಗಲಾಟೆ ಅಂದ್ರೆ ಭಯ.”

ಗ್ಲೆನಿಸ್‌ಳ ಹಲ್ಲು ಕೈಗವಸಿನ ತೊಗಲನ್ನು ದಾಟಿ ಬೆರಳಿಗೆ ಇಳಿಯಿತು. ನಾಯಿಗೆ ಭಯ! ನಾಯಿಯ ಮನಸ್ಸು ನೋಯಬಾರದು ಎಂದು ಅಷ್ಟು ಮುತುವರ್ಜಿ ವಹಿಸಿದ ಮಹಾನುಭಾವನಿಗೆ ಆಮೇಲೆ ಏಕಾಏಕಿ ಹತೋಟಿ ತಪ್ಪಿತಂತೆ. ಎದ್ದು ನಿಂತು ಅವನ ಏಳು ತಲೆಮಾರು ಜಾಲಾಡಬೇಕೆಂದು ಅವಳ ನಾಲಿಗೆ ತುದಿಯವರೆಗೆ ಬಂದದ್ದನ್ನು ಅವಳು ಉಗುಳಿನ ಜೊತೆ ನುಂಗಿದಳು. ಕ್ಲೈವ್‌ನ ಕೈ ಅವಳ ಮೊಣಕಾಲಿನ ಮೇಲೆ ಬಂತು. ಅದು ತಡೆಯುವುದಕ್ಕೋ, ಅವನಿಗೇ ಆಸರೆ ಬೇಕಾಗಿಯೋ, ತಿಳಿಯಲಿಲ್ಲ. ಅವಳು ಅದನ್ನು ತಳ್ಳಿಬಿಟ್ಟಳು.

ಕೊನೆಗೆ ಜಡ್ಜ್ ಜ್ಯೂರಿಗೆ ಕಾನೂನು ಬಿಡಿಸಿ ಹೇಳಿದರು. ಸತ್ತವಳಿಗೆ ಇನ್ನೊಬ್ಬನ ಸಂಗವಿತ್ತು ಎಂಬ ಮಾತು ಕೇಳಿಬಂದಿದೆ, ಅದೊಂದನ್ನೇ ಕಾರಣವೆಂದು ಎಣಿಸುವಂತಿಲ್ಲ. ಸೇಡಿಗಾಗಿ ಯೋಚಿಸಿ ಮಾಡಿದ್ದಾದರೆ ಅದು ಹತೋಟಿ ತಪ್ಪಿದ್ದಲ್ಲ. ಆರೋಪಿಯ ವಯಸ್ಸಿನ, ಸಾಮಾನ್ಯ ತಾಳ್ಮೆಯೂ ಸಾಮಾನ್ಯ ಸಂಯಮವೂ ಉಳ್ಳ ಒಬ್ಬ ಗಂಡಸು ಅದೇ ಪರಿಸ್ಥಿತಿಯಲ್ಲಿ ಅದೇ ರೀತಿ ನಡೆದುಕೊಳ್ಳುತ್ತಿದ್ದನೇ ಎಂದು ಕೇಳಿಕೊಳ್ಳಿ ಎಂದರು. ಹನ್ನೆರಡು ಮಂದಿ ತಲೆಯಾಡಿಸುತ್ತ ಬರೆದುಕೊಂಡರು. ಸಾಮಾನ್ಯ ಗಂಡಸು ಎಂಬುವನು ಯಾವ ಸಂತೆಯಲ್ಲಿ ಸಿಗುತ್ತಾನೋ, ಅವನನ್ನು ಯಾರು ಅಳೆದು ನೋಡಿದವರೋ! ಗ್ಲೆನಿಸ್‌ಗೆ ತನ್ನ ಮನೆಯ ಕ್ಲೈವ್ ಎಂಬ ಸರಕು ಬಿಟ್ಟರೆ ಬೇರೆ ಗೊತ್ತಿರಲಿಲ್ಲ.

ಜ್ಯೂರಿ ಒಳಗೆ ಹೋಗಿ ಮೂರು ದಿನವಾಯಿತು. ಮೂರು ದಿನ! ನಾಯಿ, ಚಿಲಕ, ಹನ್ನೊಂದು ಇರಿತದ ಗಾಯ, ಇಷ್ಟನ್ನು ಇಟ್ಟುಕೊಂಡು ಅಷ್ಟು ದಿನ ಮಾತಾಡಲು ಏನಿರುತ್ತದೆ? ಎಲ್ಲರೂ ಒಮ್ಮತಕ್ಕೆ ಬರುವುದು ಸಾಧ್ಯವಿಲ್ಲವೆಂದು ಚೀಟಿ ಬಂತು. ಹಾಗಾದರೆ ಹತ್ತು ಮಂದಿ ಒಪ್ಪಿದರೂ ಸಾಕು ಎಂದರು ಜಡ್ಜ್. ಗುರುವಾರ ಮೂರೂವರೆಗೆ ಕರೆ ಬಂತು.

ಜ್ಯೂರಿಯ ಮುಖ್ಯಸ್ಥ, ಟೈ ಕಟ್ಟಿಕೊಂಡಿದ್ದ ತೆಳ್ಳನೆಯ ಹುಡುಗ, ಎದ್ದು ನಿಂತ.

“ಕೊಲೆಯ ಆರೋಪದ ಮೇಲೆ ನಿಮ್ಮ ತೀರ್ಮಾನ?” ಎಂದು ಕೋರ್ಟಿನ ಗುಮಾಸ್ತೆ ಕೇಳಿದಳು.

“ಅಪರಾಧಿ.”

ಹ್ಯಾನಾ ಉಸಿರು ಬಿಟ್ಟದ್ದು ಕೇಳಿಸಿತು. ಕ್ಲೈವ್‌ನ ತಲೆ ಎದೆಗೆ ಇಳಿಯಿತು. ಗ್ಲೆನಿಸ್ ಕಣ್ಣು ಮುಚ್ಚಿದಳು. ಆದರೆ ಗುಮಾಸ್ತೆಯ ಪ್ರಶ್ನೆ ಮುಗಿದಿರಲಿಲ್ಲ.

“ಇದು ನಿಮ್ಮೆಲ್ಲರ ತೀರ್ಮಾನವೇ, ಬಹುಮತದ್ದೇ?”

“ಬಹುಮತದ್ದು. ಹತ್ತು ಮಂದಿ ಒಪ್ಪಿದ್ದಾರೆ. ಇಬ್ಬರು ಒಪ್ಪಿಲ್ಲ.”

ಗ್ಲೆನಿಸ್ ಕಣ್ಣು ತೆರೆದಳು. ಹನ್ನೆರಡು ಮುಖಗಳನ್ನು ಒಂದೊಂದಾಗಿ ನೋಡಿದಳು. ಎಲ್ಲರೂ ಒಂದೇ ಥರ ದಣಿದಿದ್ದರು, ಒಂದೇ ಥರ ನೆಲ ನೋಡುತ್ತಿದ್ದರು. ಅವರಲ್ಲಿ ಇಬ್ಬರು ಮೂರು ದಿನ ಕೂತು ವಾದಿಸಿದ್ದಾರೆ. ಆ ಹುಡುಗಿಯ ಬಾಯಿ ಹಾಗಿದ್ದರೆ ಯಾವ ಗಂಡಸು ತಾನೇ ಸುಮ್ಮನಿರುತ್ತಿದ್ದ ಎಂದು, ಬಿಸ್ಕತ್ತು ತಿನ್ನುತ್ತ, ಹೇಳಿದ್ದಾರೆ. ಅವಳ ತಾಯಿಯೇ ಒಪ್ಪಿದಳಲ್ಲ ಎಂದೂ ಹೇಳಿರುತ್ತಾರೆ.

“ಗೆದ್ವಿ, ಗ್ಲೆನಿಸ್,” ಎಂದು ಹ್ಯಾನಾ ಹೊರಗೆ ಬಂದಮೇಲೆ ತಬ್ಬಿಕೊಂಡಳು.

“ಯಾವ ಇಬ್ಬರು?” ಎಂದಳು ಗ್ಲೆನಿಸ್.

“ಅದು ಯಾರಿಗೂ ಗೊತ್ತಾಗಲ್ಲ. ಅವರು ಹೇಳೋ ಹಾಗೂ ಇಲ್ಲ, ನಾವು ಕೇಳೋ ಹಾಗೂ ಇಲ್ಲ. ಜೀವಾವಧಿ ಅಂತೂ ಖಂಡಿತ. ಅದನ್ನೊಂದು ಯೋಚನೆ ಮಾಡಿ.”

ಮಳೆ ಹನಿಯುತ್ತಿತ್ತು. ಕಾರು ನಿಲ್ಲಿಸಿದ್ದು ಎದುರಿನ ಬಹುಮಹಡಿ ಪಾರ್ಕಿಂಗಿನ ಐದನೆಯ ಅಂತಸ್ತಿನಲ್ಲಿ. ಗಂಡ ಹೆಂಡತಿ ಲಿಫ್ಟಿನ ಹತ್ತಿರ ಬರುವಾಗ ಅದರ ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಒಳಗಿದ್ದವಳು ಕೈ ಅಡ್ಡ ಹಿಡಿದು ನಿಲ್ಲಿಸಿದಳು. ಸಾಸಿವೆ ಬಣ್ಣದ ಸ್ವೆಟರು, ಕತ್ತಿನಲ್ಲಿ ದಾರಕ್ಕೆ ಕಟ್ಟಿದ ಕನ್ನಡಕ. ಎರಡನೆಯ ಸಾಲಿನ ತುದಿಯಲ್ಲಿ ಕೂರುತ್ತಿದ್ದ ಜ್ಯೂರಿ ಹೆಂಗಸು. ಅವಳಿಗೂ ಇವರ ಗುರುತು ಸಿಕ್ಕಿತು. ಮುಖ ಕೆಂಪಾಯಿತು.

“ಬನ್ನಿ, ಜಾಗ ಇದೆ,” ಎಂದಳು, ಬಹಳ ಮೃದುವಾಗಿ. ಅವಳ ಕಣ್ಣು ಅತ್ತು ಊದಿಕೊಂಡಿತ್ತು. ಯಾರಿಗಾಗಿ ಅತ್ತಿದ್ದಳೋ.

“ಥ್ಯಾಂಕ್ಸ್ ಕಣಮ್ಮ,” ಎಂದು ಕ್ಲೈವ್ ಕಾಲಿಟ್ಟೇಬಿಟ್ಟಿದ್ದ. ಗ್ಲೆನಿಸ್ ಅವನ ತೋಳು ಹಿಡಿದು ಹೊರಗೆಳೆದಳು. ಆ ಹೆಂಗಸು ಇನ್ನೂ ಸ್ವಲ್ಪ ಹೊತ್ತು ಬಾಗಿಲನ್ನು ಹಿಡಿದೇ ನಿಂತಿದ್ದಳು. ಆಮೇಲೆ ಕೈ ತೆಗೆದಳು.

“ನನ್ನ ಮಂಡಿ ಕಣೆ,” ಎಂದ ಕ್ಲೈವ್.

“ಮೆಟ್ಟಿಲು ಹತ್ತು.”

ಮೆಟ್ಟಿಲುಗಳಲ್ಲಿ ಉಚ್ಚೆಯ ನಾತ. ಅವನು ಕಂಬಿ ಹಿಡಿದು, ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಊರುತ್ತ ಮುಂದೆ ಹೋದ. ಅವಳು ಹಿಂದಿನಿಂದ ಶುರುಮಾಡಿದಳು. ಹನ್ನೊಂದು ದಿನ ನುಂಗಿಟ್ಟದ್ದೆಲ್ಲ ಹೊರಗೆ ಬಂತು.

“ಯಾರಿಗೆ ಥ್ಯಾಂಕ್ಸ್ ಹೇಳಿದೆ ನೀನು? ಅವಳು ಆ ಹತ್ತು ಮಂದೀಲಿ ಒಬ್ಬಳೋ ಆ ಇಬ್ಬರಲ್ಲಿ ಒಬ್ಬಳೋ, ಗೊತ್ತಾ ನಿನಗೆ? ಯಾರಾದ್ರೂ ಬಾಗಿಲು ಹಿಡಿದ್ರೆ ಸಾಕು, ಬಾಲ ಅಲ್ಲಾಡಿಸ್ಕೊಂಡು ಹೋಗ್ತೀಯ. ಹನ್ನೊಂದು ದಿನದಲ್ಲಿ ಒಂದು ಮಾತು ಆಡಿದೆಯಾ? ಅಪ್ಪ ಅಂತೆ ಅಪ್ಪ. ಕಾರ್ಲಾ ಅವನನ್ನ ಮೊದಲ ದಿನ ಮನೆಗೆ ಕರ್ಕೊಂಡು ಬಂದಾಗ ಕೈಕುಲುಕಿ ಬಿಯರ್ ಕೊಟ್ಟವನು ನೀನು.”

“ಹೌದು,” ಎಂದ ಕ್ಲೈವ್.

ಎರಡನೆಯ ಅಂತಸ್ತು ದಾಟಿತು.

“ಕ್ರಿಸ್‌ಮಸ್ ದಿನ ಅವಳ ಮಣಿಕಟ್ಟು ನೀಲಿ ಆಗಿತ್ತು. ಬಾಗಿಲಿಗೆ ಸಿಕ್ಕಿತು ಅಂದಳು. ನಾನು ನಿನಗೆ ಹೇಳಿದೆ, ಹೋಗಿ ಅವನನ್ನ ಒಂದು ಮಾತು ಕೇಳು ಅಂತ. ಏನಂದೆ? ‘ನಮ್ಮ ಕಾರ್ಲಾ ತನ್ನನ್ನ ತಾನು ನೋಡ್ಕೋತಾಳೆ ಬಿಡು, ಅವಳಿಗೆ ಬಾಯಿದೆ’ ಅಂದೆ. ಅವತ್ತು ನೀನು ಎದ್ದು ಹೋಗಿದ್ರೆ ಇವತ್ತು ಅವಳು ಇರ್ತಿದ್ದಳು. ಅವಳು ಸತ್ತದ್ದು ನಿನ್ನಿಂದ ಕಣೋ. ಅಪ್ಪ ಅನ್ನಿಸಿಕೊಳ್ಳೋಕೆ—”

ಕೋರ್ಟಿನಲ್ಲಿ ಕೇಳಿದ ಮಾತೇ ತನ್ನ ಬಾಯಿಂದ ಬರುತ್ತಿರುವುದು ಅವಳಿಗೆ ಕೇಳಿಸಿತು. ಮೂರನೆಯ ಅಂತಸ್ತಿನ ತಿರುವಿನಲ್ಲಿ ಗೋಡೆಗೆ ಕೈಯಾನಿಸಿ ನಿಂತಳು.  ಮೇಲಿನ ಯಾವುದೋ ಅಂತಸ್ತಿನಲ್ಲಿ ಒಂದು ಕಾರು ಶುರುವಾಗಿ, ತಿರುಗಿ ತಿರುಗಿ ಕೆಳಗಿಳಿದು ಹೋಯಿತು.

ಕ್ಲೈವ್ ತಿರುಗಿದ. ಅವನ ಮುಖ ಸುಣ್ಣದಂತೆ ಬಿಳಿಚಿಕೊಂಡಿತ್ತು.  ಆಮೇಲೆ ಕಂಬಿ ಹಿಡಿದು, ಕೆಟ್ಟ ಮಂಡಿಯನ್ನು ಮುಂದಕ್ಕೆ ಚಾಚಿ, ಸಿಮೆಂಟಿನ ಮೆಟ್ಟಿಲ ಮೇಲೆ ಮೆಲ್ಲಗೆ ಕೂತ. ಒದ್ದೆಯಾಗಿದ್ದ ಪಕ್ಕದ ಜಾಗವನ್ನು ಕೋಟಿನ ತೋಳಿನಿಂದ ಒರೆಸಿ, ಗೋಡೆಯ ಕಡೆಗೆ ಸ್ವಲ್ಪ ಸರಿದುಕೊಂಡ.